ಅಪ್ಪಣೆಯಿಲ್ಲದ ಪ್ರಸಂಗ

ಸೇಲಂ, ನ್ಯೂಜೆರ್ಸಿ
ಮಾರ್ಚ್ ೧೯, ೧೮೩೯

ಅಕ್ಕ ಲೋಯಿಸ್‌ಗೆ,

ನಾನು ಬದುಕಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೀನು ಪತ್ರ ಒಡೆಯುವ ಮುಂಚೆಯೇ ಕಣ್ಣೊರೆಸಿಕೊಳ್ಳುವವಳು. ಹೊಳೆ ದಾಟಿದ ಮೇಲೆ ಕೆಸರಿನ ದಾರಿಯಲ್ಲಿ ನಡೆದೇ ಇಲ್ಲಿಗೆ ಬಂದೆ. ಬೂಟಿನ ತಳ ಬಾಯಿಬಿಟ್ಟಿದೆ. ಅದಕ್ಕೂ ಪ್ರಸಂಗ ಮಾಡುವ ಆಸೆ ಹುಟ್ಟಿರಬೇಕು.

ಆ ಭಾನುವಾರ ನಡೆದದ್ದನ್ನು ನೀನು ಹೆಂಗಸರ ಬೆಂಚಿನಲ್ಲಿ ಕುಳಿತು ನೋಡಿದೆ. ನನ್ನೊಳಗೆ ನಡೆದದ್ದು ನಿನಗೆ ಕಾಣಲಿಲ್ಲ. ಪರವೂರಿನಿಂದ ಬಂದ ಬೋಧಕರು ಸೊಂಟ ಬಗ್ಗಿದ ಹೆಂಗಸಿನ ಕಥೆ ಎತ್ತಿಕೊಂಡರು. ಯೇಸುಸ್ವಾಮಿ ಅವಳನ್ನು ಮುಟ್ಟಿದರು, ಅವಳು ನೆಟ್ಟಗಾದಳು ಎಂದು ಹೇಳಿ, ಅಲ್ಲಿಂದ ನೇರವಾಗಿ ಗುಡಿಯ ಮಾಡು ಸೋರುವ ವಿಷಯಕ್ಕೆ ಹೋಗಿಬಿಟ್ಟರು. ನನಗೆ ತಡೆಯಲಾಗಲಿಲ್ಲ. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಎದ್ದು ನಿಂತವು. "ಸ್ವಾಮಿ, ನೆಟ್ಟಗಾದವಳು ಆಮೇಲೆ ಏನ್ ಮಾಡಿದ್ಲು ಅಂತ ನೀವು ಹೇಳ್ಲೇ ಇಲ್ಲ. ಅವಳು ದೇವರನ್ನ ಕೊಂಡಾಡಿದ್ಲು. ಬಾಯಿಬಿಟ್ಟು. ಸಭಾಮಂದಿರದ ಒಳಗೇನೇ, ಗಂಡಸರ ಮುಂದೇನೇ" ಎಂದೆ. ಆಮೇಲೆ ಏನೇನು ಹೇಳಿದೆನೋ ನನಗೆ ನೆನಪಿಲ್ಲ. ಬಂಟಿಂಗ್ ಅಮ್ಮ ಗಟ್ಟಿಯಾಗಿ ಅಳುತ್ತಿದ್ದದ್ದು ಮಾತ್ರ ನೆನಪಿದೆ.

ಆಗ ಸೈಲಸ್ ಭಾವ ಎದ್ದರು. ನಿನ್ನ ಗಂಡನಾಗಿ ಅಲ್ಲ, ಸಭಾಪಾಲಕರಾಗಿ. "ಕೆಟೂರಾ, ಕೂತ್ಕೋ. ಇದು ನೀನು ಸಾರು ಮಾರೋ ಕಟ್ಟೆ ಅಲ್ಲ" ಎಂದರು.

"ನಿಜ ಭಾವ. ನನ್ನ ಕಟ್ಟೆಗೆ ಜನ ಹಸಿದು ಬರ್ತಾರೆ, ಉಂಡು ಹೋಗ್ತಾರೆ. ಇಲ್ಲಿ ಹಸಿದು ಬಂದು ಹಸಿದೇ ಹೋಗ್ತಾರೆ" ಎಂದೆ.

ಅದನ್ನು ಹೇಳಬಾರದಿತ್ತು ಎಂದು ನೀನು ಹೇಳುತ್ತೀ. ಗೊತ್ತು. ಆದರೆ ಮೆಣಸಿನ ಸಾರು ಮಾರಿ ಬದುಕಿದ ವಿಧವೆ ನಾನು. ನಾಲಿಗೆಗೆ ಖಾರ ಅಂಟಿಕೊಂಡಿದೆ.

ಇಲ್ಲಿ ನಾನು ಪ್ರಸಂಗ ಮಾಡುತ್ತೇನೆ ಎಂದಾಗ ಎರಡು ಗುಡಿಗಳವರು ಬಾಗಿಲು ಮುಚ್ಚಿದರು. ಕೊನೆಗೆ ಒಬ್ಬ ರೈತ ತನ್ನ ಹುಲ್ಲಿನ ಕೊಟ್ಟಿಗೆ ಬಿಟ್ಟುಕೊಟ್ಟ. ದನಗಳ ನಡುವೆ ನಿಂತು ಮಾತಾಡಿದೆ. ನಮ್ಮ ಸ್ವಾಮಿ ಹುಟ್ಟಿದ್ದೇ ಅಂಥ ಜಾಗದಲ್ಲಿ, ನನಗೇನು ಅವಮಾನ?

ಒಂದೇ ಒಂದನ್ನು ತಿಳಿಸು. ಸಭೆಯ ಪುಸ್ತಕದಲ್ಲಿ ನನ್ನ ಹೆಸರು ಉಳಿಸಿದ್ದಾರಾ? ಪೀಠ ಬೇಡ, ಪ್ರಸಂಗಕ್ಕೆ ಅಪ್ಪಣೆ ಚೀಟಿಯೂ ಬೇಡ. ಅವ್ವ ನಮ್ಮಿಬ್ಬರನ್ನೂ ಕೈಹಿಡಿದು ಕರೆದುಕೊಂಡು ಹೋಗಿ ಬರೆಸಿದ ಹೆಸರು ಅದು. ಅದೊಂದು ಇದ್ದರೆ ಸಾಕು.

ನಿನ್ನ
ಕೆಟೂರಾ


ಫಿಲಡೆಲ್ಫಿಯಾ
ಏಪ್ರಿಲ್ ೧೪, ೧೮೩೯

ತಂಗಿ ಕೆಟೂರಾಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಬರೆಯಲು ಕುಳಿತಾಗಲೆಲ್ಲ ಯಾರಾದರೂ ಬರುತ್ತಾರೆ. ನಮ್ಮ ಮನೆಯ ವಿಷಯ ನಿನಗೆ ಗೊತ್ತೇ ಇದೆ.

ನಿನ್ನ ಭಾವನನ್ನು ನೀನು ಕಟುಕನಂತೆ ಕಾಣುತ್ತೀ. ಹೋದ ವರ್ಷ ಮೇ ತಿಂಗಳಲ್ಲಿ ಊರಿನ ಬಿಳಿಯರು, ಗುಲಾಮಗಿರಿಯ ವಿರೋಧಿಗಳು ಕಟ್ಟಿಸಿದ ಆ ಹೊಸ ಭವನಕ್ಕೆ ಬೆಂಕಿ ಇಟ್ಟದ್ದನ್ನು ನೀನೂ ನೋಡಿದ್ದೀ. ಗಂಡಸರೂ ಹೆಂಗಸರೂ, ಕರಿಯರೂ ಬಿಳಿಯರೂ ಒಟ್ಟಿಗೆ ಕುಳಿತರು ಎಂಬುದಷ್ಟೇ ಅವರಿಗೆ ನೆಪ. ನಮ್ಮ ಕರಿಯರ ಗುಡಿಯ ಮುಂದೆ ಇವತ್ತಿಗೂ ಪುಂಡರು ನಿಂತು ನೋಡುತ್ತಾರೆ. "ಇವರ ಗುಡೀಲಿ ಹೆಂಗಸರು ಕುಣೀತಾರೆ ಅಂತ ಅವರು ನಗೋ ಹಾಗೆ ಆಗಬಾರದು ಲೋಯಿಸ್. ನಗೋಕೆ ಬಂದವರೇ ಆಮೇಲೆ ಪಂಜು ತರ್ತಾರೆ" ಎನ್ನುತ್ತಾರೆ ಇವರು. ಭಯಪಡುವುದು ಪಾಪವಾದರೆ ಆ ಪಾಪ ನನಗೂ ಇದೆ.

ಸಭೆಯ ಹಿರಿಯರು ಒಮ್ಮೆ ಕೂಡಿದ್ದರು. ನಿನ್ನ ಮಾತೂ ಬಂತಂತೆ. ಗಂಡಸರು ಕೂಡಿದರೆ ಮಾತು ಬಂದೇ ಬರುತ್ತದೆ, ನೀನು ತಲೆಕೆಡಿಸಿಕೊಳ್ಳಬೇಡ. ಪುಸ್ತಕದ ವಿಷಯ ಕೇಳಿದ್ದೀ. ಪುಸ್ತಕ ಎಂದಿನ ಹಾಗೆ ಕಪಾಟಿನಲ್ಲಿದೆ. ನಾನೇ ಧೂಳು ಒರೆಸಿಟ್ಟೆ.

ನೀನು ಬಂದು ಇವರ ಮುಂದೆ ಒಂದು ತಪ್ಪಾಯಿತು ಎಂದರೆ ಎಲ್ಲ ಸರಿಹೋಗುತ್ತದೆ. ನಿನ್ನ ಕಟ್ಟೆಯಲ್ಲಿ ಈಗ ಬೇರೆ ಯಾರೋ ಸಾರು ಮಾರುತ್ತಾಳೆ. ನೀರು ನೀರು. ಬಂದುಬಿಡು.

ನಿನ್ನ ಅಕ್ಕ
ಲೋಯಿಸ್


ವಿಲ್ಮಿಂಗ್ಟನ್, ಡೆಲವೇರ್
ಜೂನ್ ೨೩, ೧೮೩೯

ಅಕ್ಕ,

ಹೆಸರು ಇದೆ ಎಂದು ತಿಳಿದ ದಿನ ನನ್ನ ಕಾಲಿಗೆ ಹೊಸ ಬಲ ಬಂತು. ಭಾವನಿಗೆ ನನ್ನ ವಂದನೆ ಹೇಳು. ಸಿಟ್ಟು ಎಷ್ಟೇ ಇದ್ದರೂ ಅವರು ಹಗೆ ಸಾಧಿಸುವವರಲ್ಲ ಎಂದು ನನಗೆ ಗೊತ್ತಿತ್ತು.

ಇಲ್ಲಿ ಊರಾಚೆ ತೋಪಿನಲ್ಲಿ ಬಯಲು ಕೂಟ ನಡೆಯಿತು. ಡೇರೆ ಹೊಡೆದು, ಮಕ್ಕಳುಮರಿ ಕಟ್ಟಿಕೊಂಡು, ಕೋಳಿ ಹುರಿದುಕೊಂಡು ಜನ ಬಂದರು. ಬೋಧಕರು ಐದಾರು ಮಂದಿ ವೇದಿಕೆಯ ಮೇಲೆ. ನಾನು ಕೆಳಗೆ, ಕಡಿದ ಮರದ ಬೊಡ್ಡೆಯ ಮೇಲೆ. ಅವರು ಊಟಕ್ಕೆ ಹೋದ ಹೊತ್ತಿಗೆ ನಾನು ಶುರುಮಾಡಿದೆ.

ಒಬ್ಬ ದಪ್ಪ ಮೀಸೆಯ ಬಿಳಿಯ ಗುಂಪಿನ ಹಿಂದಿನಿಂದ ಕೂಗಿದ, "ಏ ಮುದುಕಿ, ಮನೇಲಿ ಗಂಡ ಇಲ್ವಾ ನಿನಗೆ?"

"ಇದ್ದ ಸ್ವಾಮಿ. ನನ್ನ ಮಾತು ಕೇಳ್ತಿದ್ದ. ಈಗ ಸ್ವರ್ಗದಲ್ಲಿದಾನೆ. ನೀವೂ ಸ್ವಲ್ಪ ಕೇಳಿ, ಉಪಯೋಗ ಆಗ್ಬಹುದು" ಎಂದೆ. ಅವನ ಹೆಂಡತಿಯೇ ಮೊದಲು ನಕ್ಕಳು. ಬೋಧಕರು ಊಟ ಮುಗಿಸಿ ಬಂದಾಗ ವೇದಿಕೆಯ ಮುಂದೆ ಒಬ್ಬರೂ ಇರಲಿಲ್ಲ.

ಕೂಟ ಮುಗಿದ ಮೇಲೆ ಒಬ್ಬ ಮುದುಕಿ ನನ್ನ ಶಾಲಿನ ತುದಿ ಹಿಡಿದು ನಿಂತಳು. ಫೀಬಿಯಮ್ಮ ಎಂದು ಹೆಸರು. ಗಡಿಯಾಚೆ, ಮೇರಿಲ್ಯಾಂಡಿನಲ್ಲಿ, ಗುಲಾಮಳು. ಒಡತಿಯ ಮಗಳ ಬಾಣಂತನಕ್ಕೆಂದು ಚೀಟಿ ಕೊಟ್ಟು ಈಚೆಗೆ ಕಳಿಸಿದ್ದರಂತೆ. "ನಮ್ಮ ಕಡೆಗೂ ಬೋಧಕ ಬರ್ತಾನಮ್ಮ. ಕದೀಬೇಡಿ, ಓಡಿಹೋಗ್ಬೇಡಿ, ಒಡೆಯನ ಮಾತು ಕೇಳಿ, ಇಷ್ಟೇ ಹೇಳ್ತಾನೆ. ದೇವರಿಗೆ ನಮ್ಮ ಹತ್ರ ಹೇಳೋಕೆ ಬೇರೆ ಏನೂ ಇಲ್ವಾ ಅಂತ ನಾನು ಕೇಳ್ಕೊಳ್ತಾ ಇರ್ತೀನಿ" ಎಂದಳು.

ಅದಕ್ಕೆ ಏನು ಉತ್ತರ ಕೊಟ್ಟೆ ಎಂದು ಬರೆಯುವುದಿಲ್ಲ.

ಸೆಕೆ ಜಾಸ್ತಿಯಾಗಿದೆ. ಸ್ವಲ್ಪ ದಿನ ದಕ್ಷಿಣಕ್ಕೆ, ಕೊಲ್ಲಿಯ ಕಡೆಗೆ ಹೋಗಿಬರುತ್ತೇನೆ. ಏಡಿ ಚೆನ್ನಾಗಿ ಸಿಗುತ್ತದಂತೆ. ಪತ್ರ ತಡವಾದರೆ ಗಾಬರಿಯಾಗಬೇಡ.

ಕೆಟೂರಾ


ಫಿಲಡೆಲ್ಫಿಯಾ
ಜುಲೈ ೨೧, ೧೮೩೯

ಕೆಟೂರಾ,

ನೀನು ಸಮುದ್ರದ ಗಾಳಿ ಕುಡಿಯಲು ಹೋದದ್ದು ಕೇಳಿ ಸಮಾಧಾನವಾಯಿತು. ದೇವರು ನಿನಗೆ ಅಷ್ಟಾದರೂ ಬುದ್ಧಿ ಕೊಟ್ಟ. ಮೈ ಸುಧಾರಿಸಿಕೋ. ಏಡಿ ತಿಂದರೆ ನಿನಗೆ ಮೈತುಂಬ ದದ್ದು ಏಳುತ್ತದಲ್ಲ, ಈಗ ಏಳುವುದಿಲ್ಲವಾ? ವಿಲ್ಮಿಂಗ್ಟನ್ನಿನ ವಿಳಾಸಕ್ಕೆ ಒಂದು ಜೊತೆ ಬೂಟು ಕಳಿಸಿದ್ದೇನೆ. ಇವರ ಹಳೆಯದು. ಮುಂದೆ ಬಟ್ಟೆ ತುರುಕಿಕೊಂಡರೆ ಸರಿಯಾಗುತ್ತದೆ.

ಹೆಸರಿನ ವಿಷಯ ನೀನು ಬರೆದದ್ದನ್ನು ಓದಿದೆ. ಅದರ ಬಗ್ಗೆ ನೀನು ಬಂದ ಮೇಲೆ ಕುಳಿತು ಮಾತಾಡೋಣ. ಎಲ್ಲವನ್ನೂ ಕಾಗದದಲ್ಲಿ ಬರೆಯಲಾಗುವುದಿಲ್ಲ.

ಬೇಗ ಉತ್ತರ ಬರೆ.

ಲೋಯಿಸ್


ಪೆಂಬರ್ಟನ್ ಲ್ಯಾಂಡಿಂಗ್, ಮೇರಿಲ್ಯಾಂಡ್
ಸೆಪ್ಟೆಂಬರ್ ೨, ೧೮೩೯

ಅಕ್ಕ,

ಇದನ್ನು ಸೆರೆಮನೆಯಿಂದ ಬರೆಯುತ್ತಿದ್ದೇನೆ. ಕಳಿಸುವ ಮೊದಲು ಇವರು ಓದುತ್ತಾರೆ. ಓದಲಿ, ಒಳ್ಳೆಯದೇ.

ಏಡಿಗಾಗಿ ನಾನು ಬರಲಿಲ್ಲ. ನಿನಗೆ ಹೇಳಿದ್ದರೆ ನೀನು ನಡೆದು ಬಂದು ನನ್ನ ಕಾಲು ಹಿಡಿದುಕೊಳ್ಳುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಬೇರೆ ರಾಜ್ಯದ ಸ್ವತಂತ್ರ ಕರಿಯರು ಇಲ್ಲಿ ಕಾಲಿಟ್ಟು ಕೆಲವು ದಿನಕ್ಕಿಂತ ಹೆಚ್ಚು ಉಳಿದರೆ ದಂಡ, ಕಟ್ಟಲಾಗದಿದ್ದರೆ ಗುಲಾಮರಂತೆ ಹರಾಜು. ಬಿಳಿಯನೊಬ್ಬ ಜೊತೆಗಿಲ್ಲದೆ ನಮ್ಮವರು ಕೂಟ ಸೇರುವಂತೆಯೂ ಇಲ್ಲ. ಎಲ್ಲ ತಿಳಿದೇ ಬಂದೆ. ಫೀಬಿಯಮ್ಮನ ಪ್ರಶ್ನೆಗೆ ಗಡಿಯ ಆಚೆ ನಿಂತು ಉತ್ತರ ಕೂಗಲು ನನಗೆ ನಾಚಿಕೆಯಾಯಿತು.

ಹೊಗೆಸೊಪ್ಪಿನ ಹೊಲಗಳ ಅಂಚಿನ ಪೈನ್ ತೋಪಿನಲ್ಲಿ ಸೇರುತ್ತಿದ್ದೆವು. ಬೇಸಿಗೆಯೆಲ್ಲ ನಡೆಯಿತು. ಅಕ್ಕ, ಬಗ್ಗಿದವರು ನೆಟ್ಟಗಾಗುವುದನ್ನು ನಾನು ಕಣ್ಣಾರೆ ಕಂಡೆ. ಒಂದು ಭಾನುವಾರ ಪೇದೆಗಳು ಕುದುರೆ ಏರಿ ಬಂದರು. ಉಳಿದವರು ಚೆದುರಿ ತಪ್ಪಿಸಿಕೊಳ್ಳಲಿ ಎಂದು ನಾನು ನಿಂತಲ್ಲೇ ನಿಂತು ಮಾತಾಡುತ್ತಲೇ ಇದ್ದೆ. ಇಬ್ಬರು ಬಂದು ತೋಳು ಹಿಡಿದರು. ಕೊನೆಯ ಆಮೆನ್ ಕುದುರೆಗಾಡಿಯಲ್ಲಿ ಹೇಳಿದೆ.

ನ್ಯಾಯಾಧೀಶನ ಹೆಸರು ಗಾಲ್ಟ್. ಹಲ್ಲುನೋವಿನ ಮನುಷ್ಯ, ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡಿದ್ದ.

"ಯಾರು ನಿನ್ನ ಕಳಿಸಿದ್ದು?" ಎಂದು ಕೇಳಿದ.

"ದೇವರು."

"ಅವನ ಸಹಿ ಇರೋ ಚೀಟಿ ಇದೆಯಾ?"

"ನಿಮ್ಮ ಬೋಧಕರ ಹತ್ರ ಇದ್ರೆ ತೋರಿಸ್ಲಿ, ನಾನೂ ನೋಡ್ತೀನಿ."

ಗುಮಾಸ್ತ ಕೆಮ್ಮಿ ನಗು ನುಂಗಿದ. ಗಾಲ್ಟ್‌ಗೆ ಸಿಟ್ಟು ಬಂತು. ಅಲೆಮಾರಿ ಹೆಂಗಸು, ಯಾರಿಗೂ ಸೇರದವಳು ಎಂದು ಬರೆಸಲು ಹೊರಟ. ಆಗ ನಾನು ಹೇಳಿದೆ: ನಾನು ಯಾರಿಗೂ ಸೇರದವಳಲ್ಲ, ಫಿಲಡೆಲ್ಫಿಯಾದಲ್ಲಿ ನನಗೆ ಸಭೆ ಇದೆ, ಸಭಾಪಾಲಕರು ಸೈಲಸ್ ಡೆಂಟ್, ಅವರ ಪುಸ್ತಕದಲ್ಲಿ ನನ್ನ ಹೆಸರಿದೆ, ಬೇಕಾದರೆ ಬರೆದು ಕೇಳಿ. ಅವರು ಹೌದೆಂದರೆ ನನ್ನನ್ನು ಗಡಿ ದಾಟಿಸಿ ಬಿಡುತ್ತಾನಂತೆ. ಇಲ್ಲವೆಂದರೆ ಅಕ್ಟೋಬರ್ ಕೊನೆಗೆ ಹರಾಜು.

ಹಾಗಾಗಿ ನಾನು ನಿಶ್ಚಿಂತೆಯಿಂದ ಇದ್ದೇನೆ. ಭಾವ ಸುಳ್ಳು ಹೇಳುವವರಲ್ಲ.

ಕೆಟೂರಾ


ಫಿಲಡೆಲ್ಫಿಯಾ
ಸೆಪ್ಟೆಂಬರ್ ೧೫, ೧೮೩೯

ಕೆಟೂರಾ,

ನಿನ್ನ ಹೆಸರು ಪುಸ್ತಕದಲ್ಲಿಲ್ಲ. ಏಪ್ರಿಲ್‌ನಲ್ಲೇ ಗೀಟು ಹಾಕಿದರು. ನಾನು ನಿನಗೆ ಪತ್ರ ಬರೆಯುವಾಗ ಶಾಯಿ ಇನ್ನೂ ಹೊಸದಾಗಿತ್ತು. ನೀನು ಬೇಜಾರಿನಲ್ಲಿ ಮನೆಗೇ ಬಾರದೆ ಹೋದರೆ ಎಂದು ಹೆದರಿ ಬರೆಯಲಿಲ್ಲ. ನೀನು ಅದರ ಮೇಲೆ ನಿನ್ನ ಜೀವ ಇಡುತ್ತೀ ಎಂದು ನನಗೆ ಹೇಗೆ ತಿಳಿಯಬೇಕಿತ್ತು?

ಗಾಲ್ಟ್‌ನ ಪತ್ರ ನಿನ್ನ ಪತ್ರಕ್ಕಿಂತ ಮೊದಲೇ ಬಂತು. ಇವರು ಅದನ್ನು ಓದಿ ಮೇಜಿನ ಮೇಲೆ ಮಗುಚಿಟ್ಟು ಕುಳಿತರು. ನಾನು ಎತ್ತಿ ಓದಿದೆ.

"ಬರೀರಿ. ಅವಳು ನಮ್ಮವಳು ಅಂತ ಬರೀರಿ" ಎಂದೆ.

"ನಾನೇ ಗೀಟು ಹಾಕಿದ್ದು ಲೋಯಿಸ್. ಇಲ್ಲದ್ದನ್ನ ಇದೆ ಅಂತ ಹೇಗೆ ಬರೀಲಿ?"

"ಒಂದು ಗೀಟಿಗೋಸ್ಕರ ಅವಳನ್ನ ಮಾರ್ತಾರೆ."

"ಆ ಕಡೆ ಬಂದರುಗಳಿಗೆ ಹೋಗೋ ನಮ್ಮ ಹಡಗಿನವರು ಎಷ್ಟು ಜನ ಇದಾರೆ ಗೊತ್ತಾ ನಿನಗೆ? ಅವರು ಸ್ವತಂತ್ರರು ಅನ್ನೋ ಪತ್ರಕ್ಕೂ ನನ್ನ ಸಹಿನೇ. ಒಂದು ಸುಳ್ಳು ಸಿಕ್ಕಿಬಿದ್ರೆ ಅವರೆಲ್ಲರ ಕಾಗದ ಕಸ ಆಗುತ್ತೆ."

ಅವರು ಹೇಳಿದ್ದು ಸುಳ್ಳೂ ಅಲ್ಲ. ಮಾರನೆಯ ದಿನ ಅವರು ಹೀಗೆ ಬರೆದು ಕಳಿಸಿದರು: ಆಕೆ ಈಗ ನಮ್ಮ ಸಭೆಯವಳಲ್ಲ, ಆದರೆ ಇನ್ನು ಮುಂದೆ ಎಲ್ಲಿಯೂ ಪ್ರಸಂಗ ಮಾಡುವುದಿಲ್ಲ ಎಂದು ಆಕೆ ಮಾತು ಕೊಟ್ಟರೆ ಮರಳಿ ಸೇರಿಸಿಕೊಂಡು, ಆಕೆಗೆ ನಾವೇ ಹೊಣೆಯಾಗುತ್ತೇವೆ.

ಕೆಟೂರಾ, ಹೂಂ ಎನ್ನು. ಮನಸ್ಸಿನಲ್ಲಿ ಏನು ಬೇಕಾದರೂ ಇಟ್ಟುಕೋ, ಬಾಯಲ್ಲಿ ಹೂಂ ಎನ್ನು. ದೇವರಿಗೆ ನಾನು ಉತ್ತರ ಕೊಡುತ್ತೇನೆ.

ಲೋಯಿಸ್


ಪೆಂಬರ್ಟನ್ ಲ್ಯಾಂಡಿಂಗ್
ಅಕ್ಟೋಬರ್ ೧, ೧೮೩೯

ಲೋಯಿಸ್,

ನಿನ್ನ ಪತ್ರಕ್ಕಿಂತ ಮೊದಲು ನಿನ್ನ ಗಂಡನ ಪತ್ರ ಬಂತು. ಹಾಗಾಗಿ ನನ್ನ ಹೆಸರಿಲ್ಲ ಎಂಬುದನ್ನು ನಾನು ನಿನ್ನ ಬಾಯಿಂದ ಕೇಳಲಿಲ್ಲ. ಹಲ್ಲುನೋವಿನ ಗಾಲ್ಟ್ ತುಂಬಿದ ಕಚೇರಿಯಲ್ಲಿ ಓದಿ ಹೇಳಿದ. ಗುಮಾಸ್ತ ಈ ಸಲ ಗಟ್ಟಿಯಾಗಿಯೇ ನಕ್ಕ.

ಏಪ್ರಿಲ್‌ನಲ್ಲೇ ನೀನು ಹೇಳಿದ್ದರೆ ನಾನು ಇಲ್ಲಿಗೆ ಬರುತ್ತಿರಲಿಲ್ಲ ಎಂದುಕೊಂಡೆಯಾ? ಬರುತ್ತಿದ್ದೆ. ಆದರೆ ಆ ಮನುಷ್ಯನ ಮುಂದೆ ಎದೆ ತಟ್ಟಿಕೊಂಡು ನಿಮ್ಮ ಹೆಸರು ಹೇಳುತ್ತಿರಲಿಲ್ಲ. ನನ್ನನ್ನು ಕಾಪಾಡುತ್ತೇನೆ ಎಂದು ನೀನು ನನ್ನನ್ನು ಕುರುಡಿ ಮಾಡಿದೆ.

ಗಾಲ್ಟ್ ಪತ್ರ ಮಡಿಸಿಟ್ಟು, ಬಹಳ ಮೆತ್ತಗೆ, "ಬಾಯಿ ಮುಚ್ಕೊಂಡಿರ್ತೀನಿ ಅಂತ ಒಂದು ಮಾತು ಹೇಳು. ನಾಳೇನೇ ಮನೆಗೆ ಹೋಗು" ಎಂದ.

"ಆ ಒಂದು ಮಾತು ಹೇಳೋಕೂ ಬಾಯಿ ತೆಗೀಬೇಕಲ್ಲ ಸ್ವಾಮಿ. ತೆಗೆದ ಮೇಲೆ ನಾನು ಬೇರೆ ಏನಾದ್ರೂ ಹೇಳಿಬಿಡ್ತೀನಿ."

"ಮಾರಿಬಿಡ್ತಾರೆ ಕಣೇ ನಿನ್ನ."

"ಮಾರ್ಲಿ. ಕೊಂಡವನ ಮನೇಲೂ ಕಿವಿ ಇರೋರು ಇರ್ತಾರೆ."

ಹೀಗೆ ಹೇಳಿದೆ. ಸೆರೆಮನೆಗೆ ಮರಳಿದ ಮೇಲೆ ಕಂಬಳಿಯನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಅದನ್ನೂ ಬರೆಯುತ್ತೇನೆ, ನೀನು ನನ್ನನ್ನು ಕಲ್ಲು ಎಂದುಕೊಳ್ಳಬಾರದು.

ನನ್ನ ಕೋಣೆಗೆ ಬೀದಿಯ ಕಡೆ ಒಂದು ಕಿಟಕಿ ಇದೆ. ಸಂಜೆ ಕೆಲಸ ಬಿಟ್ಟು ಬರುವವರು ಆ ದಾರಿಯಲ್ಲೇ ಹೋಗುತ್ತಾರೆ. ಸರಳು ಹಿಡಿದು ಮಾತಾಡಿದೆ. ಮೊದಲ ದಿನ ಒಂದು ನಾಯಿ ನಿಂತು ಕೇಳಿತು. ಆಮೇಲೆ ಸಿಂಪಿ ಚಿಪ್ಪು ಹೊರುವ ಹೆಂಗಸರು, ದೋಣಿಯವರು, ಬಡ ಬಿಳಿಯರು ಕೂಡ. ಸೆರೆಯ ಕಾವಲುಗಾರ ಬೈದ, ನೀರು ಎರಚಿದ. ಅವನ ಹೆಂಡತಿ ಮಾತ್ರ ಕಸಪೊರಕೆ ಹಿಡಿದು ಗುಡಿಸಿದ ಜಾಗವನ್ನೇ ಗುಡಿಸುತ್ತಾ ನಿಂತಿರುತ್ತಾಳೆ. ಈ ಬರೆಯುವ ಹಾಳೆಯೂ ಅವಳು ಕೊಟ್ಟದ್ದೇ.

ಫೀಬಿಯಮ್ಮನೂ ಬಂದಳು. ಅದಕ್ಕೆ ಅವಳಿಗೆ ಚಾಟಿಯೇಟು ಬಿತ್ತು. ಈ ಸುದ್ದಿ ಕೇಳಿ ನಾನು ಎರಡು ಸಂಜೆ ಬಾಯಿ ತೆರೆಯಲಿಲ್ಲ. ನನ್ನ ಮಾತಿಗೆ ಅವಳ ಬೆನ್ನು ಬೆಲೆ ಕೊಡುವುದಾದರೆ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಮೂರನೆಯ ಸಂಜೆ ಅವಳೇ ಕಿಟಕಿಯ ಕೆಳಗೆ ಬಂದು ನಿಂತಳು, ಗೋಡೆಗೆ ಒರಗದೆ.

"ಯಾಕೆ ನಿಲ್ಸಿದೆ?" ಎಂದಳು.

"ನಿಮ್ಮ ಬೆನ್ನು, ಅಮ್ಮ."

"ನನ್ನ ಬೆನ್ನಿಗೆ ಏಟು ಹೊಸದಲ್ಲ. ಇದುವರೆಗೂ ಬಿದ್ದದ್ದೆಲ್ಲ ಅವರಿಗೆ ಬೇಕಾದ್ದಕ್ಕೆ. ಈ ಸಲ ನನಗೆ ಬೇಕಾದ್ದಕ್ಕೆ ತಿಂದೆ. ಅದನ್ನ ವ್ಯರ್ಥ ಮಾಡ್ಬೇಡ. ಶುರುಮಾಡು."

ಶುರುಮಾಡಿದೆ.

ನನಗೆ ಸುಳ್ಳು ಹೂಂ ಎನ್ನಲು ಇನ್ನೊಮ್ಮೆ ಹೇಳಬೇಡ.

ಕೆಟೂರಾ


ಫಿಲಡೆಲ್ಫಿಯಾ
ಅಕ್ಟೋಬರ್ ೧೪, ೧೮೩೯

ಕೆಟೂರಾ,

ಹೇಳುವುದಿಲ್ಲ. ನಿನ್ನ ಪತ್ರ ಓದಿ ಒಂದು ದಿನ ನಿನ್ನ ಮೇಲೆ ಸಿಟ್ಟಾಗಿದ್ದೆ. ಮರುದಿನ ಆ ಸಿಟ್ಟು ನಿನ್ನ ಮೇಲಲ್ಲ ಎಂದು ತಿಳಿಯಿತು.

ನಿನ್ನೆ ಭಾನುವಾರ. ಇವರು ಪ್ರಕಟಣೆಗಳನ್ನು ಓದುತ್ತಿದ್ದರು. ನಾನು ಎದ್ದು ನಿಂತೆ. ನನ್ನ ಟೊಪ್ಪಿಗೆಯ ದಾರ ಹಿಂದಿನ ಬೆಂಚಿಗೆ ಸಿಕ್ಕಿಹಾಕಿಕೊಂಡು ತಲೆಯಿಂದ ಜಾರಿತು. ಬರಿತಲೆಯಲ್ಲೇ ನಿಂತೆ.

"ಲೋಯಿಸ್, ಕೂತ್ಕೋ" ಎಂದರು ಇವರು, ಬಹಳ ಸಣ್ಣ ದನಿಯಲ್ಲಿ.

"ಮದುವೆ ಆದಾಗಿಂದ ಕೂತೇ ಇದೀನಿ. ಇವತ್ತು ನಿಂತ್ಕೋತೀನಿ" ಎಂದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: ನನ್ನ ತಂಗಿ ಮೇರಿಲ್ಯಾಂಡಿನ ಸೆರೆಯಲ್ಲಿದ್ದಾಳೆ, ಈ ತಿಂಗಳ ಕೊನೆಗೆ ಅವಳನ್ನು ಹರಾಜು ಹಾಕುತ್ತಾರೆ, ಅವಳು ಯಾರಿಗೂ ಸೇರದವಳು ಎಂದು ಈ ಗುಡಿಯಿಂದಲೇ ಬರೆದು ಹೋಗಿದೆ.

ಅರ್ಧ ಜನಕ್ಕೆ ಈ ಸುದ್ದಿಯೇ ಗೊತ್ತಿರಲಿಲ್ಲ. ಹಿರಿಯ ಟ್ರೆಡ್‌ವೆಲ್ ಕೋಲು ಕುಟ್ಟಿ, "ಸಹೋದರಿ, ಸಭೆಗೆ ಒಂದು ಕ್ರಮ ಅಂತ ಇದೆ" ಎಂದರು.

ಬಟ್ಟೆ ಒಗೆಯುವ ಬಂಟಿಂಗ್ ಅಮ್ಮ ತಮ್ಮ ಜಾಗದಲ್ಲೇ ತಿರುಗಿದರು. "ಯಾವ ಕ್ರಮಾನಪ್ಪಾ? ನೆಲ ಒರೆಸೋಕೆ ನಾವು, ಮೇಣದ ಬತ್ತಿ ತರೋಕೆ ನಾವು, ಮಾತಾಡೋಕೆ ನೀವು, ಅದಾ?" ಎನ್ನುತ್ತಾ ಎದ್ದು ನಿಂತರು. "ಡೆಂಟ್ ಅವರೇ, ಆ ಪುಸ್ತಕ ತನ್ನಿ. ಅವಳ ಹೆಸರಿಗೆ ಗೀಟು ಇದ್ರೆ ನನ್ನದಕ್ಕೂ ಎಳೀರಿ. ಅವಳ ಮಾತಿಗೆ ಅವತ್ತು ಅತ್ತವಳು ನಾನು."

"ನನ್ನದಕ್ಕೂ" ಎಂದಳು ಅವರ ಸೊಸೆ. ಆಮೇಲೆ ಟ್ರೆಡ್‌ವೆಲ್ ಅವರ ಸ್ವಂತ ಹೆಂಡತಿ. ಅವರು ಗಂಡಸರ ಕಡೆಯಿಂದ ಎದ್ದು ಬಂದು ಆಕೆಯ ತೋಳು ಎಳೆದರು. "ಬಿಡ್ರೀ, ಅಂಗಿ ಹರಿಯುತ್ತೆ" ಎಂದು ಆಕೆ ಕೊಡವಿಕೊಂಡಳು. ಹೆಂಗಸರ ಕಡೆ ಬೆಂಚುಗಳು ಒಂದೊಂದಾಗಿ ಖಾಲಿಯಾಗಿ, ಎಲ್ಲರೂ ನಡುವಿನ ದಾರಿಯಲ್ಲಿ ನಿಂತೆವು. ಪುಸ್ತಕವನ್ನು ತರುವ ಧೈರ್ಯ ಯಾರಿಗೂ ಬರಲಿಲ್ಲ.

ಇವರು ನಮ್ಮನ್ನೆಲ್ಲ ನೋಡಿದರು. ನನ್ನನ್ನು ಕೊನೆಗೆ ನೋಡಿದರು. ಶಾಯಿ, ಲೇಖನಿ, ಕಾಗದ ಮೇಜಿನ ಮೇಲಿಟ್ಟು ಹೊರಗೆ ಹೋದರು. ಹರಸಿ ಹೋದರೋ ಕೈತೊಳೆದುಕೊಂಡು ಹೋದರೋ ನನಗೆ ಇನ್ನೂ ತಿಳಿದಿಲ್ಲ.

ನಾನು ಬರೆದೆ: ಕೆಟೂರಾ ಬ್ಲೇಕ್ ನಮ್ಮವಳು. ನಾವು ಈ ಸಭೆಯ ಹೆಂಗಸರು ಅವಳನ್ನು ಪ್ರಸಂಗಕ್ಕೆ ಕಳಿಸಿದ್ದೇವೆ. ಅವಳು ಮಾತಾಡುವುದು ನಮ್ಮ ಮಾತಿನ ಮೇಲೆ. ಬರೆಯಬಲ್ಲವರು ಹೆಸರು ಬರೆದರು, ಉಳಿದವರು ಶಿಲುಬೆಯ ಗುರುತು ಹಾಕಿದರು. ಇದರಲ್ಲಿ ಸುಳ್ಳಿಲ್ಲ. ನಿನ್ನೆಯಿಂದ ಇದು ನಿಜ.

ಇವತ್ತಿನ ಟಪಾಲಿಗೆ ಗಾಲ್ಟ್‌ಗೆ ಹೋಯಿತು. ಮನೆಯಲ್ಲಿ ನಾನೂ ಇವರೂ ಮಾತಾಡುತ್ತಿಲ್ಲ. ಆದರೂ ಸೂಪಿಗೆ ಉಪ್ಪು ಸರಿಯಾಗಿಯೇ ಹಾಕುತ್ತಿದ್ದೇನೆ.

ಲೋಯಿಸ್


ವಿಲ್ಮಿಂಗ್ಟನ್, ಡೆಲವೇರ್
ನವೆಂಬರ್ ೭, ೧೮೩೯

ಅಕ್ಕ,

ಗಡಿ ದಾಟಿದ್ದೇನೆ. ಕೈಗೆ ಹಗ್ಗ ಕಟ್ಟಿ ಗಾಡಿಯಲ್ಲಿ ತಂದು, ಗಡಿಯ ಕಲ್ಲಿನ ಹತ್ತಿರ ಇಳಿಸಿ, ಮತ್ತೆ ಕಾಲಿಟ್ಟರೆ ಹುಷಾರ್ ಎಂದು ಹೇಳಿ ಹೋದರು. ಭಾವನ ಹಳೆಯ ಬೂಟು ಇಲ್ಲಿ ಕಾಯುತ್ತಿತ್ತು.

ಹರಾಜಿಗೆ ಮೊದಲು ಒಬ್ಬ ಗುಲಾಮರ ವ್ಯಾಪಾರಿ ನನ್ನನ್ನು ನೋಡಲು ಬಂದ. ಕುದುರೆಯದನ್ನು ನೋಡುವಂತೆ ಹಲ್ಲು ನೋಡಿದ, ಅಂಗೈ ತಿರುಗಿಸಿದ.

"ಅಡಿಗೆ ಬರುತ್ತಾ?"

"ಬರುತ್ತೆ. ಅಡಿಗೆ ಮಾಡ್ತಾ ಮಾಡ್ತಾ ಪ್ರಸಂಗಾನೂ ಬರುತ್ತೆ."

ಕಾವಲುಗಾರ ಕಿಟಕಿಯ ಕಥೆ ಹೇಳಿದ. ವ್ಯಾಪಾರಿ ಕೈ ಒರೆಸಿಕೊಂಡ. "ಇವಳನ್ನ ಉಳಿದವರ ಜೊತೆ ಸರಪಳೀಲಿ ಕಟ್ಟಿ ನಡೆಸಿದ್ರೆ, ಜಾರ್ಜಿಯಾ ತಲುಪೋ ಹೊತ್ತಿಗೆ ಎಲ್ಲರೂ ಸರಪಳಿ ಯಾಕೆ ಅಂತ ಕೇಳ್ತಾರೆ. ಬಿಟ್ಟಿ ಕೊಟ್ರೂ ಬೇಡ" ಎಂದು ಹೋದ. ನನ್ನ ಬಗ್ಗೆ ಒಬ್ಬ ಬಿಳಿಯ ಇಷ್ಟು ಒಳ್ಳೆಯ ಸಾಕ್ಷಿ ಹೇಳಿದ್ದು ಅದೇ ಮೊದಲು.

ಆ ಹೊತ್ತಿಗೆ ನಿಮ್ಮ ಪತ್ರ ಬಂದಿತ್ತು. ಗಾಲ್ಟ್ ಅದನ್ನು ನನ್ನ ಕಣ್ಣ ಮುಂದೆ ಹಿಡಿದು, "ಇದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಎಲ್ಲಾ ಹೆಂಗಸರು, ಅರ್ಧಕ್ಕರ್ಧ ಬರೀ ಗೀಟು" ಎಂದ. ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದ. ಅಲ್ಲಿ ಜನ ಆಗಲೇ ಸೇರುತ್ತಿದ್ದರು. "ಆದ್ರೆ ಯಾರಿಗೂ ಸೇರದವಳು ಅಂತ ಬರೆಯೋಕೆ ಇದು ಅಡ್ಡ ಬರುತ್ತೆ. ತೊಲಗು" ಎಂದ. ಅವನಿಗೂ ಒಂದು ನೆಪ ಬೇಕಿತ್ತು, ನೀವು ಒದಗಿಸಿದಿರಿ.

ಫೀಬಿಯಮ್ಮ ಅಲ್ಲೇ ಇದ್ದಾಳೆ. ನಾನು ಈಚೆ ಬಂದೆ, ಅವಳು ಬರಲಿಲ್ಲ. ಇದನ್ನು ನಾನು ಯಾವ ಪ್ರಸಂಗದಲ್ಲೂ ಗೆಲುವು ಎಂದು ಹೇಳುವುದಿಲ್ಲ. ಅವಳು ಈಗ ತೋಪಿನಲ್ಲಿ ತಾನೇ ಮಾತಾಡುತ್ತಾಳಂತೆ.

ನಾನು ಮನೆಗೆ ಬರುತ್ತಿಲ್ಲ. ಪಶ್ಚಿಮಕ್ಕೆ, ಓಹಾಯೋ ಕಡೆಗೆ ಹೋಗುತ್ತೇನೆ. ಅಲ್ಲಿ ನಮ್ಮವರ ಹೊಸ ಊರುಗಳಿವೆ, ಗುಡಿಗಳಿನ್ನೂ ಎದ್ದಿಲ್ಲ, ಮುಚ್ಚಲು ಬಾಗಿಲೂ ಇಲ್ಲ. ನಿನ್ನ ಮೇಲೆ ಬರೆದ ಕಟುಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಅದು ನಿಜವಾಗಿತ್ತು. ಆದರೆ ಬರಿತಲೆಯಲ್ಲಿ ನಿಂತ ನನ್ನ ಅಕ್ಕನ ಕಥೆಯನ್ನು ಹೋದಲ್ಲೆಲ್ಲ ಹೇಳುತ್ತೇನೆ.

ಒಮ್ಮೆ ಎದ್ದು ನಿಂತವಳಿಗೆ ಮತ್ತೆ ಕೂರುವುದು ಕಷ್ಟ. ನೋಡುತ್ತಿರು.

ಕೆಟೂರಾ


ಫಿಲಡೆಲ್ಫಿಯಾ
ಮೇ ೨೫, ೧೮೪೦

ತಂಗಿ,

ನಿನ್ನ ಸಿನ್ಸಿನಾಟಿಯ ಪತ್ರ ಬಂತು. ಕೆಮ್ಮು ಬಿಟ್ಟಿಲ್ಲ ಎಂದು ಬರೆದಿದ್ದೀ. ಬೆಚ್ಚಗಿರು ಎಂದರೆ ನೀನು ಕೇಳುವವಳಲ್ಲ, ಆದರೂ ಬರೆಯುತ್ತೇನೆ.

ನೀನು ಹೇಳಿದ ಹಾಗೆಯೇ ಆಯಿತು. ಚಳಿಗಾಲದಲ್ಲಿ ಹೆಂಗಸರು ನಮ್ಮ ಅಡಿಗೆಮನೆಯಲ್ಲಿ ಸೇರತೊಡಗಿದರು, ನಿನ್ನ ಪತ್ರ ಕೇಳುವ ನೆಪ. ಪತ್ರ ಮುಗಿದ ಮೇಲೂ ಏಳುತ್ತಿರಲಿಲ್ಲ. "ಇನ್ನೂ ಏನಾದ್ರೂ ಹೇಳು ಲೋಯಿಸ್" ಎನ್ನುವರು. ನಾನು ಹೇಳತೊಡಗಿದೆ. ಅಡಿಗೆಮನೆ ಸಾಲದಾದಾಗ ಬಂಟಿಂಗ್ ಅಮ್ಮನ ಒಗೆಯುವ ಅಂಗಳಕ್ಕೆ ಹೋದೆವು. ಹಗ್ಗದ ಮೇಲೆ ಯಾರ್‍ಯಾರದೋ ಹಾಸಿಗೆ ಬಟ್ಟೆಗಳು, ನಡುವೆ ನಾವು. ಈಗ ಗಂಡಸರೂ ಬರುತ್ತಾರೆ.

ಹೋದ ವಾರ ಬಿಷಪ್ಪರು ಊರಿಗೆ ಬಂದರು. ನನ್ನನ್ನು ಕರೆಸಿದರು. ಇವರೂ ಪಕ್ಕದಲ್ಲಿ ಕುಳಿತಿದ್ದರು, ತಲೆ ತಗ್ಗಿಸಿ.

"ಅಮ್ಮಾ, ನೀವು ಸಭಾಪಾಲಕರ ಹೆಂಡತಿ. ನಿಮಗೆ ಈ ಕೆಲಸಕ್ಕೆ ಅಪ್ಪಣೆ ಕೊಟ್ಟೋರು ಯಾರು?" ಎಂದು ಬಿಷಪ್ಪರು ಕೇಳಿದರು.

"ನಾನು ಯಾರನ್ನೂ ಕೇಳ್ಲಿಲ್ಲ ಸ್ವಾಮಿ."

"ಕೇಳ್ಬೇಕಿತ್ತು."

"ಕೇಳಿದ್ರೆ ಕೊಡ್ತಿದ್ರಾ?"

ಅವರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಇಲ್ಲ" ಎಂದರು.

"ಅದಕ್ಕೇ ನಿಮ್ಮನ್ನ ಕಷ್ಟಕ್ಕೆ ಸಿಕ್ಕಿಸ್ಲಿಲ್ಲ" ಎಂದೆ. ಇನ್ನು ಮೇಲೆ ನಿಲ್ಲಿಸಬೇಕೆಂದು ಆಜ್ಞೆ ಮಾಡಿ ಅವರು ಹೋದರು. ಇವರು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದು ಮನೆ ಸೇರಿದರು.

ನಿನ್ನೆ ಭಾನುವಾರ, ಆಜ್ಞೆಯಾದ ಮೇಲಿನ ಮೊದಲ ಕೂಟ. ಯಾರೂ ಬರಲಾರರು ಎಂದುಕೊಂಡಿದ್ದೆ. ಅಂಗಳ ತುಂಬಿ ಗೇಟಿನ ಆಚೆ ಬೀದಿಯವರೆಗೂ ನಿಂತಿದ್ದರು. ನಾನು ತೊಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಹತ್ತಿದೆ. ನಾಲ್ಕು ಮಾತು ಆಡಿರಬೇಕು, ಅಷ್ಟರಲ್ಲಿ ಹಿಂದೆ ಜನ ಸರಿದು ದಾರಿ ಬಿಟ್ಟರು. ನಿನ್ನ ಭಾವ ಬರುತ್ತಿದ್ದರು, ಗುಡಿಗೆ ಹಾಕುವ ಕಪ್ಪು ಕೋಟಿನಲ್ಲೇ. ಬಂಟಿಂಗ್ ಅಮ್ಮ ನನ್ನ ಮುಂದೆ ಅಡ್ಡ ಬಂದು ನಿಂತರು, ಕೈಯಲ್ಲಿ ಬಟ್ಟೆ ಬಡಿಯುವ ಕೋಲು. ಎಲ್ಲರೂ ನನ್ನನ್ನೇ ನೋಡಿದರು. ನಾನು ಇಳಿಯಲಿಲ್ಲ.

ಇವರು ಅಂಗಳದ ಬಾಗಿಲಲ್ಲೇ ನಿಂತರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಒಂದು ಒದ್ದೆ ದುಪ್ಪಟಿ ಗಾಳಿಗೆ ಹಾರಿ ಮುಖಕ್ಕೆ ಬಡಿಯಿತು, ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಲೋಯಿಸ್, ಸ್ವಲ್ಪ ಗಟ್ಟಿಯಾಗಿ ಹೇಳು. ಹಿಂದೆ ನಿಂತೋರಿಗೆ ಕೇಳಿಸ್ತಾ ಇಲ್ಲ" ಎಂದರು.

ನಾನು ದನಿ ಎತ್ತರಿಸಿದೆ.

ನಿನ್ನ ಅಕ್ಕ
ಲೋಯಿಸ್